ದಾನವಾದ ಮನೆ, ಉಳಿದ ಹೊಣೆ

ಕಟ್ಟಿದ ಮನೆಯನ್ನು ಮಕ್ಕಳಿಗೆ ಬಿಟ್ಟುಹೋಗುವುದು ಲೋಕರೂಢಿ. ಅದನ್ನು ಸಾರ್ವಜನಿಕರಿಗೆ ಒಪ್ಪಿಸುವುದು ಅಪರೂಪದ ಔದಾರ್ಯ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವು ಅಂತಹ ಔದಾರ್ಯದ ಫಲವಾಗಿದೆ. ಹೆಸರಾಂತ ಶಸ್ತ್ರವೈದ್ಯರಾಗಿದ್ದ ಕರ್ನಲ್ ವಿ. ಆರ್. ಮಿರಾಜ್ಕರ್ ಅವರು ತಮ್ಮ ಭವ್ಯ ನಿವಾಸವನ್ನು 1955ರಲ್ಲಿ ತಾಯಿಯ ಸ್ಮರಣಾರ್ಥವಾಗಿ ಸರ್ಕಾರಕ್ಕೆ ದಾನವಿತ್ತರು. ಆಗ ದಕ್ಷಿಣ ಕನ್ನಡವು ಮದರಾಸು ರಾಜ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯದೊಡನೆ ಒಂದಾಯಿತು. 1960ರಲ್ಲಿ ಆ ಮನೆಯು ವಸ್ತುಸಂಗ್ರಹಾಲಯವಾಗಿ ಜನತೆಗೆ ಬಾಗಿಲು ತೆರೆಯಿತು. ಆಡಳಿತ ಬದಲಾದರೂ ದಾನಿಯ ಸಂಕಲ್ಪವು ಕೆಡಲಿಲ್ಲ.

ಅಲ್ಲಿಗೆ ಬರುವವರಲ್ಲಿ ಬಹುಮಂದಿ ಶಿಲ್ಪಗಳನ್ನೂ ನಾಣ್ಯಗಳನ್ನೂ ನೋಡಿ ಹಿಂದಿರುಗುತ್ತಾರೆ. ಆದರೆ ಅಲ್ಲಿಯ ಮೊದಲ ಪ್ರದರ್ಶನವಸ್ತು, ಹಡಗಿನ ಆಕಾರವನ್ನು ನೆನಪಿಗೆ ತರುವ ಆ ಮನೆಯೇ ಅಲ್ಲವೇ? ಹಳೆಯ ಹೆಂಚಿನ ಮನೆಗಳು ಅಳಿದು ಬಹುಮಹಡಿ ಕಟ್ಟಡಗಳು ಏಳುತ್ತಿರುವ ನಗರದಲ್ಲಿ, ಹಿಂದಿನವರ ವಾಸ್ತುರುಚಿಯನ್ನು ಸಾಮಾನ್ಯನೂ ಒಳಹೊಕ್ಕು ಕಾಣಬಹುದಾದ ತಾಣಗಳು ಎಷ್ಟಿವೆ?

ಪುರಾತನ ವಸ್ತುಗಳ ರಕ್ಷಣೆಗೆ ಹೊಸ ಕಟ್ಟಡವೇ ಲೇಸು, ಹಳೆಯದರ ದುರಸ್ತಿಗೆ ಹಣ ಸುರಿಯುವುದೇಕೆ ಎಂಬ ವಾದವೂ ಉಂಟು. ವಸ್ತುಗಳ ಮಟ್ಟಿಗೆ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ವಸ್ತುಗಳನ್ನು ಬೇರೆಡೆಗೆ ಒಯ್ಯಬಹುದು. ಮಗನೊಬ್ಬನು ತಾಯಿಯ ಹೆಸರಿನಲ್ಲಿ ಇತ್ತ ಮನೆಯನ್ನು ಒಯ್ಯಲಾಗದು. ಅದು ಕುಸಿದರೆ ದಾನದ ಸಾಕ್ಷ್ಯವೇ ಅಳಿಯುತ್ತದೆ.

ದಾನಿಯು ಕೊಡುವುದು ಒಮ್ಮೆ. ಕರಾವಳಿಯ ಮಳೆ ಬರುವುದು ಪ್ರತಿವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎಡೆಬಿಡದ ಮಳೆಯಲ್ಲಿ ಗೋಡೆಗೆ ತೇವವೇರುತ್ತದೆ, ಪಾಚಿ ಹಬ್ಬುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ. ಆದುದರಿಂದ ಪಡೆದವರ ಕರ್ತವ್ಯವು ದಾನಪತ್ರದ ದಿನ ಮುಗಿಯುವುದಿಲ್ಲ, ಅಂದಿನಿಂದ ಮೊದಲಾಗುತ್ತದೆ. ದುರಸ್ತಿಯ ಹಣವು ಮಳೆಗಾಲಕ್ಕೆ ಮುನ್ನವೇ ಕೈಸೇರುವಂತೆ ಸರ್ಕಾರವು ನೋಡಿಕೊಳ್ಳಬೇಕು. ಮುಂದೆ ಮನೆಗಳನ್ನು ಸಮಾಜಕ್ಕೆ ಅರ್ಪಿಸಲಿಚ್ಛಿಸುವ ಮಹನೀಯರು ಅದರೊಡನೆ ಸಂರಕ್ಷಣೆಗೆಂದು ಒಂದು ಸಣ್ಣ ನಿಧಿಯನ್ನೂ ಇರಿಸಿದರೆ ದಾನವು ಪರಿಪೂರ್ಣವಾದೀತು.

ವಿದ್ಯಾಸಂಸ್ಥೆಗಳ ಪಾಲೂ ಇಲ್ಲಿ ಹಿರಿದು. ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಓಡುತ್ತ ತೋರಿಸಿ ತರುವುದರಿಂದ ಪ್ರಯೋಜನವಿಲ್ಲ. ಮನೆಯ ಉದ್ದಗಲಗಳನ್ನು ಅಳೆಯಿಸಿ, ನಕ್ಷೆ ಬರೆಯಿಸಿ, ಅದು ಹೇಗೆ ಎಲ್ಲರದಾಯಿತೆಂಬ ಕಥೆಯನ್ನು ತಿಳಿಹೇಳಬೇಕು. ಕೊಟ್ಟವರನ್ನು ಹೊಗಳುವುದು ಸುಲಭ. ಕೊಟ್ಟದ್ದನ್ನು ಕಾಪಾಡುವ ಕೈಗಳನ್ನು ಬೆಳೆಸುವುದೇ ಆ ಔದಾರ್ಯಕ್ಕೆ ಸಲ್ಲಿಸುವ ನಿಜವಾದ ಗೌರವ.