ಕ್ಯಾನ್ಸರಿನ ಮದ್ದು ಯಾರ ಸ್ವತ್ತು?

ಕ್ಯಾನ್ಸರಿಗೆ ಹೊಸ ಬಗೆಯ ಮಾತ್ರೆಗಳು ಬಂದಿವೆ. ಇವು ರೋಗದ ಮೂಲವನ್ನೇ ಹುಡುಕಿ ಹೊಡೆಯುತ್ತವೆ, ಆರೋಗ್ಯವಂತ ಜೀವಕೋಶಗಳಿಗೆ ಆದಷ್ಟು ಕಡಿಮೆ ಕೇಡು ಮಾಡುತ್ತವೆ ಎಂದು ಔಷಧ ಕಂಪನಿಗಳು ಸಾರುತ್ತಿವೆ. ವಿಜ್ಞಾನದ ಈ ಸಾಧನೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅವುಗಳ ಬೆಲೆಯನ್ನು ಕಂಡಾಗ, ರೋಗಿಗಳ ಪೈಕಿ ಹಣವಂತರನ್ನಷ್ಟೇ ಆರಿಸಿ ಉಳಿಸುವ ವ್ಯವಸ್ಥೆ ಇದು ಎಂದು ಹೇಳದೆ ವಿಧಿಯಿಲ್ಲ.

ಮೊದಲು ವಿಷಯವನ್ನು ತಿಳಿಯೋಣ. ಮನುಷ್ಯನ ದೇಹದಲ್ಲಿ ಕೈನೇಸ್ ಎಂಬ ಕಿಣ್ವಗಳು 500ಕ್ಕೂ ಹೆಚ್ಚು ಬಗೆಯವು ಇವೆ. ಬೆಳೆಯಬೇಕೆ, ಒಡೆದು ಎರಡಾಗಬೇಕೆ, ನಿಲ್ಲಬೇಕೆ ಎಂಬ ಅಪ್ಪಣೆಯನ್ನು ಜೀವಕೋಶಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ಇವುಗಳಲ್ಲಿ ಒಂದು ಕೆಟ್ಟು, ಎಡೆಬಿಡದೆ 'ಬೆಳೆ' ಎನ್ನತೊಡಗಿದರೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಕೆಟ್ಟುದನ್ನು ತಡೆಯಬೇಕು, ನಿಜ. ಆದರೆ ಎಟಿಪಿ ಎಂಬ ಇಂಧನವನ್ನು ಹಿಡಿಯುವ ಗೂಡು ಎಲ್ಲ ಕೈನೇಸ್‌ಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ಒಂದನ್ನು ಮುಚ್ಚಹೋದ ಮದ್ದು ಹತ್ತನ್ನು ಮುಚ್ಚಿಬಿಡಬಹುದು. ಪೊನಾಟಿನಿಬ್ ಎಂಬ ಮದ್ದಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಂಡು 2013ರಲ್ಲಿ ಮಾರಾಟವನ್ನು ತಡೆದು, ಬಳಿಕ ಕಟ್ಟುನಿಟ್ಟಿನ ಎಚ್ಚರಿಕೆಗಳೊಡನೆ ಮತ್ತೆ ಬಿಟ್ಟರು. ಆದುದರಿಂದ ಗುರಿ ತಪ್ಪದ ಮದ್ದು ಶ್ರೀಮಂತರ ಶೋಕಿಯಲ್ಲ; ರೋಗಿಯ ಜೀವದ ಪ್ರಶ್ನೆ.

ಇಂಥ ಮದ್ದುಗಳಲ್ಲಿ ಮೊದಲು ಹೆಸರಾದುದು ಇಮಾಟಿನಿಬ್. ರಕ್ತದ ಒಂದು ಬಗೆಯ ಕ್ಯಾನ್ಸರಿನಲ್ಲಿ ಒಂದು ವರ್ಣತಂತು ವಿಕಾರವಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾದ ನೊವೆಲ್ ಮತ್ತು ಹಂಗರ್‌ಫರ್ಡ್ ಕಂಡುಹಿಡಿದರು. 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಜ್ಯಾನೆಟ್ ರೌಲಿ ತೋರಿಸಿಕೊಟ್ಟರು. ಅದರಿಂದ ಹುಟ್ಟಿದ ಕೆಟ್ಟ ಕೈನೇಸ್ ಕೆಲಸ ಮಾಡದೆ ಮಡಿಸಿಕೊಂಡಿರುವ ಭಂಗಿಯಲ್ಲಿದ್ದಾಗಲೇ ಇಮಾಟಿನಿಬ್ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಆ ಭಂಗಿ ಒಂದೊಂದು ಕೈನೇಸ್‌ಗೆ ಒಂದೊಂದು ರೀತಿ. ಆದ್ದರಿಂದಲೇ ಮದ್ದು ಹೆಚ್ಚು ಅಡ್ಡ ಬೀಳುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಸಿಮಿನಿಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಟಿಪಿಯ ಗೂಡನ್ನು ಬಿಟ್ಟು ಬೇರೊಂದು ಗೂಡನ್ನೇ ಹಿಡಿಯುತ್ತದೆ.

ಇದೆಲ್ಲ ನಮ್ಮ ಹಣದ ಫಲ, ಬೆಲೆ ಕಟ್ಟುವ ಹಕ್ಕೂ ನಮ್ಮದೇ ಎನ್ನುತ್ತಾರೆ ಕಂಪನಿಯವರು. ಇಮಾಟಿನಿಬ್ ತಯಾರಾದುದು ಸ್ವಿಟ್ಜರ್‌ಲೆಂಡಿನ ಕಂಪನಿಯ ಪ್ರಯೋಗಾಲಯದಲ್ಲಿ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಡೆಯಬೇಕಾದ ಗುರಿಯನ್ನು ತೋರಿಸಿದವರು ಯಾರು? ದಶಕಗಟ್ಟಲೆ ವಿಶ್ವವಿದ್ಯಾಲಯಗಳಲ್ಲಿ ದುಡಿದ ವಿಜ್ಞಾನಿಗಳಲ್ಲವೆ? ಅಮೆರಿಕದಲ್ಲಿ 2001ರಲ್ಲಿ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದ ಈ ಮದ್ದಿನ ಬೆಲೆ 2012ಕ್ಕೆ ಸುಮಾರು 92,000 ಡಾಲರಿಗೆ ಏರಿತು. ಮಾತ್ರೆ ಅದೇ, ರೋಗ ಅದೇ. ಹೆಚ್ಚಿದ ಬೆಲೆ ಯಾವ ಸಂಶೋಧನೆಗೆ ಸಂದ ಕೂಲಿ?

ನಮ್ಮ ದೇಶದಲ್ಲಿ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿದ್ದಾಗ, ಇಲ್ಲಿಯೇ ತಯಾರಾದ ಅದೇ ಮದ್ದು ಸುಮಾರು 10,000 ರೂಪಾಯಿಗೆ ಸಿಗುತ್ತಿತ್ತು. ಹಳೆಯ ವಸ್ತುವಿನ ರೂಪವನ್ನು ಬದಲಿಸಿದ ಮಾತ್ರಕ್ಕೆ, ಗುಣ ಹೆಚ್ಚಿದೆಯೆಂದು ತೋರಿಸದ ಹೊರತು, ಹೊಸ ಪೇಟೆಂಟ್ ಕೊಡಲಾಗದು ಎನ್ನುತ್ತದೆ ನಮ್ಮ ಪೇಟೆಂಟ್ ಕಾಯಿದೆಯ 3(ಡಿ) ಕಲಮು. ಅದನ್ನು ಎತ್ತಿಹಿಡಿದು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೋವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ಇದಕ್ಕೆ ಹಿಂದಿನ ವರ್ಷ, 2012ರಲ್ಲಿ, ಸೊರಾಫೆನಿಬ್ ಎಂಬ ಇನ್ನೊಂದು ಕೈನೇಸ್ ತಡೆಮದ್ದನ್ನು ತಯಾರಿಸಲು ಸರ್ಕಾರವೇ ಕಡ್ಡಾಯ ಲೈಸೆನ್ಸ್ ಕೊಡಿಸಿತ್ತು. ತಿಂಗಳಿಗೆ 2,80,000 ರೂಪಾಯಿ ಇದ್ದ ಬೆಲೆ ಸುಮಾರು 8,800ಕ್ಕೆ ಇಳಿಯಿತು. ಮನಸ್ಸಿದ್ದರೆ ಮಾರ್ಗವುಂಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಆ ಮನಸ್ಸು ಮತ್ತೆ ಕಾಣಲಿಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೆಟ್ಟ ಕೈನೇಸನ್ನು ಹಿಡಿದು, ಸಹಜವಾದುದನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಒಸಿಮರ್ಟಿನಿಬ್ ಮದ್ದಿನ ಮೇಲಿನ ಆಮದು ಸುಂಕವನ್ನು 2024ರ ಬಜೆಟ್ಟಿನಲ್ಲಿ ತೆಗೆದುಹಾಕಿದರು. ಒಳ್ಳೆಯದೇ. ಆದರೆ ಸುಂಕ ಇದ್ದುದು ನೂರಕ್ಕೆ ಹತ್ತು. ಸರ್ಕಾರ ತನ್ನ ಬೊಕ್ಕಸದ ಪಾಲನ್ನು ಬಿಟ್ಟುಕೊಟ್ಟಿತೇ ಹೊರತು, ಕಂಪನಿಯ ಲಾಭಕ್ಕೆ ಕೈ ಹಚ್ಚಲಿಲ್ಲ. ಮರದ ಬುಡವನ್ನು ಬಿಟ್ಟು ಎಲೆ ತರಿದಂತಾಯಿತು.

ಗದ್ದೆ ಅಡವಿಟ್ಟು, ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ರೈತನಿಗೆ, ಗುರಿ ತಪ್ಪದ ಮದ್ದು ಇದೆ, ಆದರೆ ನಿನಗಲ್ಲ ಎಂದು ಹೇಳುವ ಸಮಾಜ ನಾಗರಿಕ ಸಮಾಜವೆ? ಕೈಗೆಟುಕದ ಮದ್ದು ಎಷ್ಟು ಸುರಕ್ಷಿತವಾದರೇನು?

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಯಾವ ವ್ಯಾಪಾರ ಒಪ್ಪಂದಕ್ಕಾಗಿಯೂ 3(ಡಿ) ಕಲಮನ್ನು ಸಡಿಲಿಸಕೂಡದು. ಬಡವರ ಕೈಗೆ ನಿಲುಕದ ಕ್ಯಾನ್ಸರ್ ಮದ್ದುಗಳಿಗೆ ಕಡ್ಡಾಯ ಲೈಸೆನ್ಸ್ ಕೊಡಬೇಕು. ಸಾರ್ವಜನಿಕ ಕಾರ್ಖಾನೆಗಳಲ್ಲಿ ಅವು ತಯಾರಾಗಬೇಕು; ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಸಿಗಬೇಕು. ನಮ್ಮ ಪ್ರತಿಯೊಂದು ತಾಲ್ಲೂಕು ಸಮಿತಿಯೂ ಇದನ್ನು ನಿರ್ಣಯವಾಗಿ ಅಂಗೀಕರಿಸಿ, ಪಾರ್ಲಿಮೆಂಟ್ ಸದಸ್ಯರ ಬಾಗಿಲಿಗೆ ಒಯ್ಯಲಿ. ಜನರ ಜ್ಞಾನದಿಂದ ಹುಟ್ಟಿದ ಮದ್ದು ಜನರಿಗೇ ಸೇರಬೇಕು.