ಉದ್ದೀಪನ ಮದ್ದು: ಅಂಕ ಎಣಿಸುವವರಿಗೆ ಹೊಣೆ ಇಲ್ಲವೇ?

ಕ್ರೀಡಾಪಟುವೊಬ್ಬ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದಾಗ ನಾವು ಆತನನ್ನು ಖಂಡಿಸುತ್ತೇವೆ. ನಿಷೇಧ ಹೇರಿದ ಸಂಸ್ಥೆಯನ್ನು ಮೆಚ್ಚುತ್ತೇವೆ. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಆತನ ಸಾಧನೆಯನ್ನು ಅಂಕಗಳಾಗಿ ಎಣಿಸಿಕೊಂಡು ಗೆದ್ದವರ ಗೆಲುವು ಏನಾಯಿತು? ಫ್ಯಾಂಟಸಿ ಕ್ರೀಡೆಯು ಮನೆಮನೆಯ ಮೊಬೈಲಿನೊಳಗೆ ಬಂದು ಕೂತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಫ್ಯಾಂಟಸಿ ಕ್ರೀಡೆಯ ವಿಧಾನ ಸರಳ. ನಿಜವಾದ ಆಟಗಾರರನ್ನು ಆರಿಸಿ ನಾವೊಂದು ಕಾಲ್ಪನಿಕ ತಂಡ ಕಟ್ಟುತ್ತೇವೆ. ಅವರು ಮೈದಾನದಲ್ಲಿ ಗಳಿಸಿದ ರನ್ನು, ವಿಕೆಟುಗಳು ನಮ್ಮ ಖಾತೆಗೆ ಅಂಕಗಳಾಗಿ ಬಂದು ಸೇರುತ್ತವೆ. ಇದರ ಇಂದಿನ ರೂಪಕ್ಕೆ ಅಡಿಪಾಯ ಹಾಕಿದ್ದು ಅಮೆರಿಕದ ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು. 1980ರಲ್ಲಿ ಬೇಸ್‌ಬಾಲ್ ಆಟವನ್ನಿಟ್ಟುಕೊಂಡು ಅವರು ಇದನ್ನು ಆರಂಭಿಸಿದರು. ಸ್ನೇಹಿತರ ಕಾಲಕ್ಷೇಪವಾಗಿದ್ದ ಅದು ಮುಂದೆ ಭಾರೀ ಉದ್ಯಮವಾಗಿ ಬೆಳೆಯಿತು. ಅದೇ ವೇಳೆಗೆ ಬೇಸ್‌ಬಾಲ್‌ನೊಳಗೆ ಸ್ಟೆರಾಯ್ಡ್ ಕೂಡ ಬೇರುಬಿಟ್ಟಿತು.

1998ರಲ್ಲಿ ಮಾರ್ಕ್ ಮೆಕ್‌ಗ್ವೈರ್ 70 ಹೋಮ್ ರನ್ ಬಾರಿಸಿ ದಾಖಲೆ ನಿರ್ಮಿಸಿದಾಗ ಇಡೀ ಅಮೆರಿಕ ಸಂಭ್ರಮಿಸಿತ್ತು. ಹೋಮ್ ರನ್ ಎಂದರೆ ನಮ್ಮ ಸಿಕ್ಸರಿನ ಹಾಗೆ. ತಾನು ಆ ವರ್ಷಗಳಲ್ಲಿ ಸ್ಟೆರಾಯ್ಡ್ ಬಳಸಿದ್ದೆನೆಂದು ಆತ ಒಪ್ಪಿಕೊಂಡದ್ದು 2010ರಲ್ಲಿ. ಇದರ ನಡುವೆ, 2007ರ ಡಿಸೆಂಬರ್‌ನಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಸಲ್ಲಿಸಿದ ವರದಿಯು 89 ಆಟಗಾರರನ್ನು ಹೆಸರಿಸಿತ್ತು. ಆದರೆ 1998ರಲ್ಲಿ ಮೆಕ್‌ಗ್ವೈರ್‌ನನ್ನು ತಮ್ಮ ಪಟ್ಟಿಯಲ್ಲಿಟ್ಟುಕೊಂಡು ಗೆದ್ದವರಿಗೆ ಇದರಿಂದ ಆದದ್ದಾದರೂ ಏನು? ಗೆಲುವು ಎಂದೋ ದಕ್ಕಿತ್ತು. ಲೆಕ್ಕ ಎಂದೋ ಚುಕ್ತಾ ಆಗಿತ್ತು.

2012ರ ಇನ್ನೊಂದು ಪ್ರಕರಣವನ್ನು ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮೆಲ್ಕಿ ಕಬ್ರೇರ ಟೆಸ್ಟೋಸ್ಟೆರೋನ್ ಬಳಸಿದ್ದಕ್ಕಾಗಿ ಆಗಸ್ಟ್‌ನಲ್ಲಿ 50 ಪಂದ್ಯಗಳ ನಿಷೇಧಕ್ಕೆ ಒಳಗಾದ. ಬ್ಯಾಟಿಂಗ್ ಸರಾಸರಿಯಲ್ಲಿ ಆತ ಅಗ್ರಸ್ಥಾನ ಪಡೆಯುವ ಎಲ್ಲ ಸಾಧ್ಯತೆಯೂ ಇತ್ತು. ಆಗ ಆತನೇ ತನ್ನನ್ನು ಆ ಗೌರವದಿಂದ ಹೊರಗಿಡಿ ಎಂದು ಕೋರಿದ. ಲೀಗ್ ಅದನ್ನು ಒಪ್ಪಿಕೊಂಡಿತು. ಪ್ರಶಸ್ತಿಯು ಸಹ ಆಟಗಾರ ಬಸ್ಟರ್ ಪೋಸಿಗೆ ಸಂದಿತು. ಮದ್ದು ಸೇವಿಸಿದವನಿಗೇ ತನ್ನ ಅಂಕಗಳ ಬಗ್ಗೆ ಸಂಕೋಚ ಮೂಡಿತ್ತು. ಆದರೆ ಫ್ಯಾಂಟಸಿ ಆಟದ ರೂಢಿಯೇ ಬೇರೆ. ಅಲ್ಲಿ ನಿಷೇಧಕ್ಕೆ ಮುಂಚೆ ಗಳಿಸಿದ ಅಂಕ ಗಳಿಸಿದ್ದೇ. ಅಷ್ಟೇ ಅಲ್ಲ, ನಿಷೇಧಿತ ಆಟಗಾರನೇ ಅಲ್ಲಿ ಲಾಭದ ಸರಕು. ಆತನನ್ನು ಅಗ್ಗಕ್ಕೆ ಪಡೆದು, ಶಿಕ್ಷೆ ಮುಗಿಯುವ ತನಕ ಬದಿಗಿರಿಸಿ, ಮರಳಿದ ಕೂಡಲೇ ಕಣಕ್ಕಿಳಿಸುವುದು ಆ ಆಟದಲ್ಲಿ ಜಾಣತನ ಎನಿಸಿಕೊಳ್ಳುತ್ತದೆ!

ಇದು ದೂರದ ಅಮೆರಿಕದ ಕತೆಯೆಂದು ನಾವು ನಿರಾಳರಾಗುವಂತಿಲ್ಲ. 2019ರ ಫೆಬ್ರವರಿಯಲ್ಲಿ ಕ್ರಿಕೆಟಿಗ ಪೃಥ್ವಿ ಶಾ ನೀಡಿದ ಮಾದರಿಯಲ್ಲಿ ನಿಷೇಧಿತ ಟರ್ಬುಟಲಿನ್ ಪತ್ತೆಯಾಯಿತು. ಅದು ಕೆಮ್ಮಿನ ಔಷಧದ ಮೂಲಕ ತಿಳಿಯದೆ ದೇಹ ಸೇರಿದ್ದೆಂಬ ವಿವರಣೆಯನ್ನು ಕ್ರಿಕೆಟ್ ಮಂಡಳಿ ಒಪ್ಪಿತು ಎಂಬುದನ್ನು ನಾವು ಮರೆಯಬಾರದು. ಜುಲೈಯಲ್ಲಿ ಪ್ರಕಟವಾದ ಎಂಟು ತಿಂಗಳ ನಿಷೇಧವನ್ನು ಮಾರ್ಚ್ 16ರಿಂದಲೇ ಪೂರ್ವಾನ್ವಯಗೊಳಿಸಲಾಯಿತು. ಆದರೆ ಆ ಅವಧಿಯಲ್ಲೇ ಆತ ಐಪಿಎಲ್ ಆಡಿದ್ದ. ಮಾರ್ಚ್ 30ರಂದು ಕೋಲ್ಕತ್ತಾದ ವಿರುದ್ಧ 99 ರನ್ ಹೊಡೆದಿದ್ದ. ದಾಖಲೆಯ ಪ್ರಕಾರ ನಿಷೇಧದಲ್ಲಿದ್ದ ಆಟಗಾರನ ಆ ರನ್ನುಗಳು ಅದೆಷ್ಟು ಮೊಬೈಲುಗಳಲ್ಲಿ ಅಂಕಗಳಾಗಿ ಬದಲಾದವೋ!

‘ಪಟ್ಟಿ ಮಾಡಿದವನು ಮದ್ದು ಕೊಟ್ಟನೇ? ಅವನಿಗೆ ಗೊತ್ತಿತ್ತೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆತ ಅಪರಾಧಿಯೆಂದು ಯಾರೂ ಹೇಳುತ್ತಿಲ್ಲ. ಆದರೆ ಮನುಷ್ಯನನ್ನು ಬರೇ ಅಂಕಿಯಾಗಿ ಕಾಣುವ ಅಭ್ಯಾಸ ಎಲ್ಲಿಂದ ಬರುತ್ತದೆ? ಗಾಯಗೊಂಡ ಆಟಗಾರನ ನೋವಿಗಿಂತ ತನ್ನ ಅಂಕನಷ್ಟಕ್ಕಾಗಿ ಮರುಗುವ ಮನಸ್ಸು ಎಲ್ಲಿ ತಯಾರಾಗುತ್ತದೆ? ಅಂಕ ಹೇಗೆ ಬಂತು ಎಂದು ಕೇಳದ ಸಮಾಜವು ‘ಹೇಗಾದರೂ ಅಂಕ ತಾ’ ಎಂದು ಆಟಗಾರನಿಗೆ ಮೌನವಾಗಿ ಹೇಳುತ್ತಿರುತ್ತದೆ. ಸಿರಿಂಜು ಆತನ ಕೈಯಲ್ಲಿರಬಹುದು, ಒತ್ತಡ ಮಾತ್ರ ಗ್ಯಾಲರಿಯದ್ದು.

ಈ ಒತ್ತಡಕ್ಕೆ ಎಳೆಯರೂ ಬಲಿಯಾಗುತ್ತಾರೆ. 2003ರಲ್ಲಿ ಟೆಕ್ಸಾಸ್‌ನಲ್ಲಿ ಬೇಸ್‌ಬಾಲ್ ಆಡುತ್ತಿದ್ದ, ಸ್ಟೆರಾಯ್ಡ್ ಬಳಸಿದ್ದ 17ರ ಹರೆಯದ ಶಾಲಾ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. 2005ರ ಮಾರ್ಚ್‌ನಲ್ಲಿ ಆತನ ತಂದೆ ಅಮೆರಿಕದ ಸಂಸತ್ ಸಮಿತಿಯ ಮುಂದೆ ಬಂದು, ಮಗನ ಸಾವಿಗೆ ಸ್ಟೆರಾಯ್ಡ್ ಕಾರಣವೆಂದು ಸಾಕ್ಷ್ಯ ನುಡಿದರು. ನಮ್ಮಲ್ಲಿಯೂ ಸ್ಥಿತಿ ಸಮಾಧಾನಕರವಾಗಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪ್ರಕಾರ, 2023ರಲ್ಲಿ ಭಾರತದ 5,606 ಮಾದರಿಗಳ ಪೈಕಿ ಶೇ. 3.8ರಲ್ಲಿ ನಿಷೇಧಿತ ವಸ್ತು ಪತ್ತೆಯಾಗಿತ್ತು. ಐದು ಸಾವಿರಕ್ಕಿಂತ ಹೆಚ್ಚು ಪರೀಕ್ಷೆ ನಡೆಸಿದ ದೇಶಗಳಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಡ್ರೀಮ್ ಇಲೆವೆನ್ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಸಾಲದ ಸುಳಿಗೆ ಸಿಲುಕಿದ್ದ ಕುಟುಂಬಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ವರ್ಷಗಟ್ಟಲೆ ನಡೆದ ಚರ್ಚೆಯೆಲ್ಲ ಇದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಅಂಕಗಳ ಶುದ್ಧಿಯ ಪ್ರಶ್ನೆ ಅಲ್ಲಿ ಮುಖ್ಯವಾಗಲೇ ಇಲ್ಲ. ಹಣ ಹೋದರೂ ಆಟ ಉಳಿಯುತ್ತದೆ, ಪಟ್ಟಿ ಉಳಿಯುತ್ತದೆ, ಅಂಕಿಯ ವ್ಯಾಮೋಹವೂ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ನಿಷೇಧದ ಅವಧಿಗೆ ಸೇರಿದ ಪಂದ್ಯಗಳ ಅಂಕಗಳನ್ನು ಫ್ಯಾಂಟಸಿ ಆಟ ನಡೆಸುವವರು ಅಳಿಸಲಿ, ಪಟ್ಟಿಯನ್ನು ತಿದ್ದಿ ಪ್ರಕಟಿಸಲಿ. ಆಟಗಾರನ ಹೆಸರಿನ ಪಕ್ಕದಲ್ಲಿ ಆತನ ಸರಾಸರಿಯಂತೆಯೇ ಆತನಿಗಾದ ನಿಷೇಧವೂ ಕಾಣಲಿ. ತಾಂತ್ರಿಕವಾಗಿ ಇದೇನೂ ಕಷ್ಟವಲ್ಲ. ಕ್ಷಣಕ್ಷಣಕ್ಕೂ ಅಂಕ ಏರಿಸಬಲ್ಲ ಯಂತ್ರಕ್ಕೆ ಇಳಿಸುವುದೂ ಸಾಧ್ಯ.

ಹೆತ್ತವರ ಪಾಲಿನ ಕೆಲಸ ಇನ್ನೂ ಸುಲಭದ್ದು. ಮಗ ಮೊಬೈಲಿನಲ್ಲಿ ತಂಡ ಕಟ್ಟುತ್ತಿರುವಾಗ, ಗದರುವ ಮುನ್ನ ಆತನ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ಆಟಗಾರನನ್ನು ಏಕೆ ಆರಿಸಿದೆ ಎಂದು ಕೇಳಿ. ಆತ ಅಂಕಿಗಳನ್ನು ಹೇಳಿ ಮುಗಿಸಿದ ಮೇಲೆ, ಆ ಅಂಕಿಗಳು ಹೇಗೆ ಬಂದವು ಎಂದೂ ಕೇಳಿ.