ಅಪ್ಪ ಬಿಟ್ಟುಹೋದ ಅರ್ಧ ಕಾರು

ಇಂಗ್ಲೆಂಡಿನಲ್ಲಿ ನೆಲೆಸಿರುವ ಸಹೋದರಿಯೊಬ್ಬರು ಕೇಳಿದ್ದಾರೆ: ಮರ್ಹೂಮ್ ಪತಿ ಇಂಜಿನ್ ಬದಲಾಯಿಸಿ ಅರ್ಧಕ್ಕೆ ಬಿಟ್ಟುಹೋದ ಹಳೆಯ ಎಂಜಿಬಿ ಕಾರನ್ನು ಮಗ ಪೂರ್ತಿ ಮಾಡುತ್ತೇನೆನ್ನುತ್ತಾನೆ, ಬಿಡಲೇ?

1962ರಿಂದ 1980ರವರೆಗೆ ತಯಾರಾದ ಆ ಕಾರಿನ ಮೂಲ ಇಂಜಿನ್ 1798 ಸಿಸಿಯದು, ನಾಲ್ಕು ಸಿಲಿಂಡರು. ಅದರ ಜಾಗದಲ್ಲಿ ರೋವರ್‌ನ 3528 ಸಿಸಿ ವಿ-8 ಕೂರಿಸುವುದು ಅಲ್ಲಿ ಹಳೆಯ ಹವ್ಯಾಸ. ಅಲ್ಯೂಮಿನಿಯಮ್ಮಿನದಾದ್ದರಿಂದ ಭಾರವೂ ಹೆಚ್ಚೇನಿಲ್ಲ. ಕಂಪೆನಿಯೇ 1973ರಿಂದ 1976ರವರೆಗೆ ಇಂಥ ಕಾರು ತಯಾರಿಸಿತ್ತು. ಹಾಗಾಗಿ ಇದು ಹುಚ್ಚಾಟವಲ್ಲ. ಆದರೆ ಶಕ್ತಿ ಹೆಚ್ಚಿದರೆ ಬ್ರೇಕು, ರೇಡಿಯೇಟರು, ಗೇರ್‌ಬಾಕ್ಸ್ ಎಲ್ಲವೂ ಅದಕ್ಕೆ ತಕ್ಕಂತಿರಬೇಕು. ಖರ್ಚು ಹುಟ್ಟುವುದು ಇಲ್ಲಿಯೇ. ತುಕ್ಕು ಎಲ್ಲೆಲ್ಲಿದೆಯೆಂದು ಮೊದಲು ನೋಡಿಸಲಿ. ಡಬ್ಬಿಗಳಲ್ಲಿರುವ ನಟ್ಟು ಬೋಲ್ಟು, ರಶೀದಿಗಳನ್ನು ಯಾರೂ ಎಸೆಯದಿರಲಿ. ಇಂಜಿನ್ ಬದಲಾದುದನ್ನು ನೋಂದಣಿ ಇಲಾಖೆಗೂ ವಿಮೆಯವರಿಗೂ ತಿಳಿಸಲೇಬೇಕು.

ನೀವು ಕೇಳದ ಮಾತೊಂದಿದೆ. ಆ ಕಾರು ಇನ್ನೂ ಮಗನದಲ್ಲ, ವಾರೀಸುದಾರರೆಲ್ಲರದು. ಸಾಲ, ವಸಿಯ್ಯತ್ ತೀರಿದ ಮೇಲೆ ಶರೀಅತ್ತಿನಂತೆ ನಿಮಗೆ ಎಂಟನೇ ಒಂದು ಭಾಗ, ಹೆಣ್ಣುಮಕ್ಕಳಿಗೂ ಪಾಲುಂಟು. ಬೆಲೆ ಕಟ್ಟಿಸಿ ಅವರ ಪಾಲು ಕೊಡಲಿ, ಇಲ್ಲವೇ ಅವರು ಮನಸಾರೆ ಬಿಟ್ಟುಕೊಡಲಿ. ಆಮೇಲೆ ಸ್ಪ್ಯಾನರು ಹಿಡಿಯಲಿ. ಹುಡುಗಿಯರಿಗೇಕೆ ಕಾರಿನ ಉಸಾಬರಿ ಎನ್ನಬೇಡಿ. ತಂದೆಗೆ ಟಾರ್ಚು ಹಿಡಿಯುತ್ತಿದ್ದುದು ಕಿರಿಯ ಮಗಳೆಂದು ನೀವೇ ಬರೆದಿದ್ದೀರಿ. ಯಾವ ವಯರು ಎಲ್ಲಿಗೆ ಹೋಗುತ್ತದೆಂದು ಅವಳನ್ನೊಮ್ಮೆ ಕೇಳಿನೋಡಿ.